ಜಕಾರ್ತಾದ ಪಡಾಂಗ್ ಹೋಟೆಲಿನಲ್ಲಿ ದನದ ಮಾಂಸ ತಿನ್ನದವರು ಊಟ ಮಾಡಬಹುದೇ?

ನಿಮ್ಮ ಪ್ರಶ್ನೆಯಲ್ಲಿರುವ ಅಳುಕೆಲ್ಲವೂ ಒಂದು ಕಾಲಕ್ಕೆ ನನ್ನದೇ ಆಗಿತ್ತು. ಜಕಾರ್ತಾಕ್ಕೆ ಹೊಸದಾಗಿ ಕೆಲಸಕ್ಕೆ ಬಂದಿದ್ದೀರಿ, ಕೋಳಿ ಮತ್ತು ಮೀನು ತಿನ್ನುತ್ತೀರಿ, ದನದ ಮಾಂಸ ಮುಟ್ಟುವುದಿಲ್ಲ. ಕಚೇರಿಯವರು ಮಧ್ಯಾಹ್ನದ ಊಟಕ್ಕೆ ಮುಸ್ಲಿಮರು ನಡೆಸುವ ಪಡಾಂಗ್ ಹೋಟೆಲಿಗೆ, ಅಂದರೆ ಪಶ್ಚಿಮ ಸುಮಾತ್ರದ ಶೈಲಿಯ ಊಟದ ಹೋಟೆಲಿಗೆ, ಕರೆಯುತ್ತಿದ್ದಾರೆ. ಹೋಗುವುದೋ, ಭಾರತೀಯ ಹೋಟೆಲು ಹುಡುಕಿಕೊಳ್ಳುವುದೋ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ನಾನು ಮೊದಲ ಸಲ ಹೋದ ಹಾಗೆ ಹೋಗಬೇಡಿ.

ನಾನು ಹೋದದ್ದು ಊರಿನ ಕಡೆಯ ಇಬ್ಬರು ಗೆಳೆಯರನ್ನು ಕರೆದುಕೊಂಡು. ಅವರೂ ಹೊಸಬರು, ನಾನೂ ಹೊಸಬ. ಆದರೆ ಅವರಿಗಿಂತ ಕೆಲವು ವಾರ ಮೊದಲು ಬಂದಿದ್ದೆನೆಂಬ ಕಾರಣಕ್ಕೆ ಆತಿಥ್ಯದ ಹಿರಿತನ ನನ್ನದಾಗಿತ್ತು. ರಸ್ತೆಗೆ ಮುಖ ಮಾಡಿದ ಗಾಜಿನ ಕಪಾಟಿನಲ್ಲಿ ತಟ್ಟೆಯ ಮೇಲೆ ತಟ್ಟೆ ಪೇರಿಸಿಟ್ಟಿದ್ದನ್ನು ನೋಡಿ ಒಳಗೆ ಹೋಗಿ ಕುಳಿತೆವು. ನಾವು ಬಾಯಿ ಬಿಡುವ ಮೊದಲೇ ಒಬ್ಬ ಹುಡುಗ ಒಂದೇ ತೋಳಿನ ಉದ್ದಕ್ಕೂ ತಟ್ಟೆಗಳನ್ನು ಜೋಡಿಸಿಕೊಂಡು ಬಂದು, ಮೇಜಿನ ಮೇಲೆ ಅಂಗೈ ಇಡಲೂ ಜಾಗವಿಲ್ಲದಂತೆ ಎಲ್ಲವನ್ನೂ ಹರಡಿ ಹೋದನು. ರೆಂಡಾಂಗ್ ಎಂಬ, ಮಸಾಲೆಯಲ್ಲಿ ಕಪ್ಪಗೆ ಒಣಗಿದ ದನದ ಮಾಂಸ, ಹಳದಿ ರಸದಲ್ಲಿ ಮುಳುಗಿದ ಮೀನಿನ ತಲೆ, ಬಿಳಿಚಿಕೊಂಡಂತೆ ಕಾಣುವ ಆಯಾಮ್ ಪೊಪ್ ಎಂಬ ಕೋಳಿ, ಕೆಂಪು ಮೆಣಸಿನಲ್ಲಿ ಹೊರಳಿಸಿದ ಮೊಟ್ಟೆ, ಸಿಗಡಿ, ಕರಿದ ಶ್ವಾಸಕೋಶ, ಬೇಯಿಸಿದ ಮರಗೆಣಸಿನ ಸೊಪ್ಪು, ಸಾಂಬಾಲ್ ಎಂಬ ಹಸಿಮೆಣಸಿನ ಚಟ್ನಿ.

ಮದುವೆ ಊಟದ ಎಲೆಯ ಮುಂದೆ ಕುಳಿತವನ ಹಾಗೆ ನಾನು ಅದನ್ನೆಲ್ಲ ನೋಡಿದೆ. ಬಡಿಸಿದ್ದೆಲ್ಲ ನಮ್ಮದು, ಊಟಕ್ಕೆ ಒಂದೇ ಬೆಲೆ, ಬೇಕಾದ್ದನ್ನು ತಿಂದು ಬೇಡವಾದದ್ದನ್ನು ಬಿಡುವುದು. ಗೆಳೆಯರಿಗೂ ಹಾಗೆಯೇ ಹೇಳಿದೆ. ‘ಎಲ್ಲದರದ್ದೂ ಸ್ವಲ್ಪ ಸ್ವಲ್ಪ ರುಚಿ ನೋಡಿ’ ಎಂದೆ. ಈ ಒಂದು ಮಾತೇ ನನಗೆ ದುಬಾರಿಯಾದದ್ದು. ಅದು ಯಾಕೆ ದುಬಾರಿಯಾಯಿತೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಇದೇ ಜಾಗದಲ್ಲಿ ಎಡವುತ್ತೀರಿ ಎಂದು ನನಗೆ ಅನುಮಾನವಿದೆ.

ಈ ಪದ್ಧತಿಗೆ ಹಿಡಾಂಗ್ ಎನ್ನುತ್ತಾರೆ. ಮೇಜಿನ ಮೇಲೆ ಬಂದದ್ದು ನಿಮ್ಮ ಊಟವಲ್ಲ. ಅದು ಹೋಟೆಲಿನ ಅಂಗಡಿಯೇ ನಿಮ್ಮ ಮೇಜಿಗೆ ಬಂದಿರುವುದು. ನೀವು ಮುಟ್ಟದ ತಟ್ಟೆ ಹಾಗೆಯೇ ಹಿಂದಿರುಗಿ ಹೋಗುತ್ತದೆ, ಅದಕ್ಕೆ ಬೆಲೆಯಿಲ್ಲ. ತುಂಡುಗಳಾಗಿ ಬರುವ ಪದಾರ್ಥವನ್ನು ತುಂಡಿನ ಲೆಕ್ಕದಲ್ಲಿ ಎಣಿಸುತ್ತಾರೆ. ತಟ್ಟೆಯಲ್ಲಿ ಎರಡು ಕೋಳಿ ತುಂಡಿದ್ದು ಒಂದನ್ನು ತಿಂದರೆ ಒಂದಕ್ಕೆ ಮಾತ್ರ ದುಡ್ಡು. ಆದರೆ ರಸದಲ್ಲಿ ಚಮಚ ಇಳಿಸಿದ ತಟ್ಟೆಯನ್ನು, ಮೂಲೆ ಮುರಿದ ತುಂಡನ್ನು, ಕಚ್ಚಿ ಬಿಟ್ಟದ್ದನ್ನು ಅವರು ಇನ್ನೊಬ್ಬರಿಗೆ ಬಡಿಸುವಂತಿಲ್ಲ. ಆದ್ದರಿಂದ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ನಾವು ಮೂವರೂ ತಟ್ಟೆ ತಟ್ಟೆಗೂ ಚಮಚ ಹಾಕಿದ್ದೆವು. ಮೀನಿನ ತಲೆಯ ಕೆನ್ನೆಯ ಭಾಗದಿಂದ ಉಗುರಿನಷ್ಟು ಮಾಂಸವನ್ನು ಕಿತ್ತು ಬಾಯಿಗೆ ಹಾಕಿಕೊಂಡವನು ನಾನೇ. ಇಂಥ ಹೋಟೆಲಿನ ಮೇಜಿನ ಮೇಲೆ ಅತ್ಯಂತ ದುಬಾರಿ ಪದಾರ್ಥ ಸಾಮಾನ್ಯವಾಗಿ ಆ ತಲೆಯೇ ಎಂಬುದು ಆಗ ಗೊತ್ತಿರಲಿಲ್ಲ. ಇಷ್ಟು ಸಾಲದೆಂಬಂತೆ, ದನದ ಮಾಂಸ ಬೇಡವೆಂದು ರೆಂಡಾಂಗನ್ನು ಬದಿಗೆ ಸರಿಸಿದ್ದ ಗೆಳೆಯ, ಅದರ ಮಸಾಲೆ ಮಾತ್ರ ಹೇಗಿದೆ ನೋಡೋಣವೆಂದು ಚಮಚದ ತುದಿ ತಾಗಿಸಿದನು. ಅಲ್ಲಿಗೆ ಆ ತಟ್ಟೆಯೂ ಮುಟ್ಟಿದ ತಟ್ಟೆಯಾಯಿತು. ಅವನ ವ್ರತವೂ ಉಳಿಯಲಿಲ್ಲ, ನನ್ನ ದುಡ್ಡೂ ಉಳಿಯಲಿಲ್ಲ.

ಹುಡುಗ ಬಂದು ನಿಂತಲ್ಲೇ ತಟ್ಟೆಗಳ ಮೇಲೆ ಕಣ್ಣಾಡಿಸಿ ಚೀಟಿ ಬರೆದುಕೊಟ್ಟನು. ರೂಪಿಯಾದಲ್ಲಿ ಆರಂಕಿಯ ಮೊತ್ತ ಕಂಡು ಗಾಬರಿಯಾಗಬೇಕಿಲ್ಲವೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ; ಆದರೆ ಇದು ಆ ಲೆಕ್ಕವನ್ನೂ ಮೀರಿತ್ತು. ಪರದೇಶಿಗಳೆಂದು ಮೋಸ ಮಾಡುತ್ತಿದ್ದಾರೆಂದು ತೀರ್ಮಾನಿಸಿ ಗಲ್ಲಾದ ಮುಂದೆ ನಿಂತು ಇಂಗ್ಲಿಷಿನಲ್ಲಿ ಜೋರು ಮಾಡಿದೆ. ಮಾಲೀಕರು ದನಿ ಏರಿಸಲಿಲ್ಲ. ನನ್ನನ್ನು ಮೇಜಿನ ಬಳಿಗೆ ಕರೆದುಕೊಂಡು ಹೋಗಿ ಒಂದೊಂದೇ ತಟ್ಟೆಯನ್ನು ತೋರಿಸಿದರು: ಇದರಲ್ಲಿ ಚಮಚ, ಇದರಲ್ಲಿ ಮುರಿದ ತುಂಡು, ಇದು ಹಾಗೇ ಇದೆ, ಬರೆದಿಲ್ಲ. ಪಕ್ಕದ ಮೇಜಿನಲ್ಲಿದ್ದವರೊಬ್ಬರು ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ ದುಡ್ಡು ಕೊಟ್ಟು ಹೊರಬಂದೆ.

ಆ ರಾತ್ರಿಯ ಬಿಲ್ಲಿಗಿಂತ ಹೆಚ್ಚು ನಷ್ಟವಾದದ್ದು ಅನಂತರ. ಅವಮಾನವನ್ನು ಸಿಟ್ಟಾಗಿ ಬದಲಾಯಿಸಿಕೊಂಡು, ಇವರ ಹೋಟೆಲುಗಳೇ ಬೇಡವೆಂದು ಬಹಳ ಕಾಲ ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಭಾರತೀಯ ಹೋಟೆಲಿಗೆ ಹೋಗಿ, ಆರಿದ ರೊಟ್ಟಿಗೂ ಪನೀರಿಗೂ ಪಡಾಂಗ್ ಊಟಕ್ಕಿಂತ ಹೆಚ್ಚು ತೆತ್ತು ಒಬ್ಬನೇ ತಿಂದು ಬಂದೆ. ಕಚೇರಿಯ ಅರ್ಧ ಕೆಲಸ ಇಲ್ಲಿ ಊಟದ ಮೇಜಿನ ಮೇಲೆಯೇ ನಡೆಯುತ್ತದೆ; ಅದು ನನ್ನ ಕೈತಪ್ಪಿತು. ಆದ್ದರಿಂದ ನಿಮ್ಮ ಎರಡನೆಯ ಆಯ್ಕೆಯನ್ನು ನಾನು ಆಯ್ಕೆಯೆಂದೇ ಪರಿಗಣಿಸುವುದಿಲ್ಲ.

ಇನ್ನು ‘ಮುಸ್ಲಿಮರ ಹೋಟೆಲು’ ಎಂಬ ನಿಮ್ಮ ಹಿಂಜರಿಕೆಯ ವಿಷಯ. ಪ್ರಶ್ನೆಯನ್ನು ನೀವು ತಪ್ಪು ಕಡೆಯಿಂದ ಹಿಡಿದಿದ್ದೀರಿ. ಪಡಾಂಗ್ ಊಟ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವು ಜನರದ್ದು. ಆಸ್ತಿ ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಇಳಿಯುವ ಈ ಸಮುದಾಯದಲ್ಲಿ ಗಂಡಸರು ಊರು ಬಿಟ್ಟು ಹೋಗಿ ದುಡಿಯುವುದು ಹಳೆಯ ರೂಢಿ. ಹಾಗೆ ಹೋದವರೇ ಇಂಡೋನೇಷ್ಯಾದ ಊರೂರಿಗೆ ಈ ಹೋಟೆಲುಗಳನ್ನು ಹಬ್ಬಿಸಿದರು. ನಮ್ಮ ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಇವರ ಮನೆತನದ ಲೆಕ್ಕಾಚಾರ ಅಪರಿಚಿತವೇನಲ್ಲ. ಹಂದಿ ಮಾಂಸವೂ ಮದ್ಯವೂ ಅಲ್ಲಿಲ್ಲ ಎಂಬುದು ಖಚಿತ. ದನದ ಮಾಂಸ ಇದೆ, ಧಾರಾಳವಾಗಿಯೇ ಇದೆ. ಆದರೆ ಅದನ್ನು ಯಾರೂ ಮುಚ್ಚಿಡುವುದಿಲ್ಲ, ಕೇಳಿದರೆ ಬೇಸರಿಸುವುದೂ ಇಲ್ಲ. ತಿನ್ನಬಹುದಾದದ್ದು ಮತ್ತು ತಿನ್ನಬಾರದ್ದು ಎಂಬ ಭೇದವನ್ನು ದಿನವೂ ಪಾಲಿಸುವ ಜನರಿಗೆ ಇನ್ನೊಬ್ಬರ ನಿಯಮ ಅರ್ಥವಾಗುವುದು ಕಷ್ಟವಲ್ಲ. ಬಾಲಿಯ ಹಿಂದೂಗಳನ್ನು ಬಲ್ಲ ದೇಶವಿದು. ಮಧ್ಯ ಜಾವಾದ ಕುದುಸ್ ಎಂಬ ಊರಿನಲ್ಲಂತೂ, ಅಲ್ಲಿದ್ದ ಹಿಂದೂಗಳ ಭಾವನೆಗೆ ನೋವಾಗಬಾರದೆಂದು ಹಸುವನ್ನು ಕಡಿಯಬೇಡಿರೆಂದು ಹದಿನಾರನೆಯ ಶತಮಾನದ ಧರ್ಮಗುರು ಸುನಾನ್ ಕುದುಸ್ ಹೇಳಿದರೆಂಬ ಪರಂಪರೆಯಿದ್ದು, ಆ ಊರಿನ ಹೆಸರಾದ ಸೋತೊ ಸಾರನ್ನು ಇಂದಿಗೂ ಎಮ್ಮೆ ಅಥವಾ ಕೋಳಿ ಮಾಂಸದಿಂದಲೇ ಮಾಡುತ್ತಾರೆ. ‘ಸಾಯಾ ತಿಡಾ ಮಾಕಾನ್ ಸಾಪಿ’, ಅಂದರೆ ನಾನು ದನದ ಮಾಂಸ ತಿನ್ನುವುದಿಲ್ಲ ಎಂದು ಕುಳಿತ ಕೂಡಲೇ ಹೇಳಿ. ಬಡಿಸುವವರನ್ನು ಅಣ್ಣ ಎನ್ನುವ ಹಾಗೆ ‘ಉಡಾ’ ಎಂದು, ಹೆಂಗಸರಾದರೆ ‘ಉನಿ’ ಎಂದು ಕರೆಯಿರಿ. ಅವರೇ ತಟ್ಟೆಗಳನ್ನು ಆರಿಸಿ ತೆಗೆದುಕೊಂಡು ಹೋಗುತ್ತಾರೆ.

ವಾಪಸು ಹೋಗಬೇಕಾದವು ಮುಖ್ಯವಾಗಿ ಯಾವುವೆಂದರೆ: ರೆಂಡಾಂಗ್, ಡೆಂಡೆಂಗ್ ಎಂಬ ತೆಳ್ಳಗಿನ ಒಣ ಮಾಂಸ, ಪಾರು ಎಂಬ ಶ್ವಾಸಕೋಶ, ತುಂಜಾಂಗ್ ಎಂಬ ಕಾಲಿನ ಸ್ನಾಯುರಜ್ಜು, ಓತಾಕ್ ಎಂಬ ಮೆದುಳು. ಇವುಗಳಿಗಿಂತ ಮೋಸದ್ದು ರಸ. ಕೌಂಟರಿನಲ್ಲಿ ಅನ್ನಕ್ಕೆ ಬಡಿಸುವಾಗ ಕೇಳದೆಯೇ ನಾಲ್ಕಾರು ಪಾತ್ರೆಗಳ ರಸವನ್ನು ಬೆರೆಸಿ ಸುರಿಯುವುದು ವಾಡಿಕೆ, ಮತ್ತು ನಿಜ ಹೇಳಬೇಕೆಂದರೆ ಈ ಊಟದ ರುಚಿಯಿರುವುದೇ ಅದರಲ್ಲಿ. ಕೋಳಿಯ ಅಥವಾ ಮೀನಿನ ಗುಲೈ, ಅಂದರೆ ತೆಂಗಿನ ಹಾಲಿನ ಸಾರು, ಅದರ ರಸ ಮಾತ್ರ ಸಾಕೆಂದು ಬೆರಳು ತೋರಿಸಿ ಹೇಳಿ. ಆಲೂಗಡ್ಡೆಯ ಪೆರ್ಕೆಡೆಲ್ ನೋಡಲು ನಮ್ಮ ಬೋಂಡಾದಂತಿದ್ದರೂ ಕೆಲವು ಕಡೆ ಕೊಚ್ಚಿದ ಮಾಂಸ ಸೇರಿರುತ್ತದೆ, ಕೇಳದೆ ತಿನ್ನಬೇಡಿ.

ಉಳಿದದ್ದರಲ್ಲಿ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಮೀನಿನ ಗುಲೈ ತಿಂದಾಗ ನನಗೆ ಅರ್ಧ ಪರಿಚಯ ಸಿಕ್ಕಂತಾಯಿತು: ತೆಂಗಿನ ಹಾಲು, ಅರಿಶಿನ, ಕರಾವಳಿಯಲ್ಲಿ ನಾವು ಕಡುಬಿಗೆ ಬಳಸುವ ಅರಿಶಿನದ ಎಲೆ, ಹುಳಿಗೆ ನಮ್ಮ ಉಪ್ಪಾಗೆಯ ಕುಲಕ್ಕೇ ಸೇರಿದ ಅಸಾಂ ಕಂಡಿಸ್. ಲಿಂಬೆಹುಲ್ಲು ಮತ್ತು ಗಲಂಗಲ್ ಬೇರು ಮಾತ್ರ ಹೊಸತು. ಆಯಾಮ್ ಪೊಪ್ ಬಣ್ಣವಿಲ್ಲವೆಂದು ಬಿಡಬೇಡಿ. ತೆಂಗಿನ ನೀರಿನಲ್ಲಿ ಬೆಳ್ಳುಳ್ಳಿಯ ಜೊತೆ ಬೇಯಿಸಿ ಎಣ್ಣೆಯಲ್ಲಿ ಒಮ್ಮೆ ಅದ್ದಿ ತೆಗೆದ ಆ ಕೋಳಿಗೆ ಅದರದೇ ಕೆಂಪು ಸಾಂಬಾಲ್ ಬೇಕು. ನೀವು ಸಸ್ಯಾಹಾರಿಯಾಗಿದ್ದರೆ ಈ ಉತ್ತರವನ್ನು ನಾನು ಬರೆಯುತ್ತಿರಲಿಲ್ಲ. ಹಲಸಿನ ಗುಲೈ, ಸೊಪ್ಪು ಎಲ್ಲ ಇದ್ದರೂ ಮಾಂಸದ ರಸವೋ, ಒಣ ಸಿಗಡಿಯೋ, ಸಣ್ಣ ಮೀನೋ ಎಲ್ಲಾದರೂ ನುಸುಳಿರುತ್ತದೆ.

ಒಬ್ಬರೇ ಹೋಗುವುದಾದರೆ ಹಿಡಾಂಗ್ ಬೇಡ. ಗಾಜಿನ ಕಪಾಟಿನ ಮುಂದೆ ನಿಂತು ಇದು ಮತ್ತು ಇದು ಎಂದು ತೋರಿಸಿ ಒಂದೇ ತಟ್ಟೆಗೆ ಹಾಕಿಸಿಕೊಳ್ಳಿ. ಸೆನೆನ್ ಪ್ರದೇಶದ ಕ್ರಮಾತ್ ರಾಯಾ ರಸ್ತೆಯಲ್ಲಿರುವ ನಾಸಿ ಕಪಾವು ಅಂಗಡಿಗಳು ಇದಕ್ಕೆ ಒಳ್ಳೆಯವು. ಬುಕಿಟ್‌ಟಿಂಗಿ ಬಳಿಯ ಕಪಾವು ಎಂಬ ಊರಿನ ಶೈಲಿಯದು, ಬಡಿಸುವವರು ಪಾತ್ರೆಗಳ ಸಾಲಿನ ಹಿಂದೆ ಎತ್ತರದಲ್ಲಿ ಕುಳಿತು ಉದ್ದ ಹಿಡಿಯ ಸೌಟಿನಿಂದ ತೆಗೆದು ಕೊಡುತ್ತಾರೆ. ಹಿಡಾಂಗ್ ಹೋಟೆಲಿಗೆ ಸಹೋದ್ಯೋಗಿಗಳ ಜೊತೆ ಹೋದಾಗ ಮೊದಲ ಚಮಚ ಅವರು ಹಾಕುವವರೆಗೆ ಕೈಕಟ್ಟಿ ಕುಳಿತಿರಿ, ಬೇಡವಾದ ತಟ್ಟೆಗಳನ್ನು ಊಟ ಶುರುವಾಗುವ ಮೊದಲೇ ವಾಪಸು ಕಳಿಸಿ. ಬಲಗೈಯಲ್ಲಿ ಉಣ್ಣುವುದು ನಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಲಿಂಬೆ ತುಂಡು ತೇಲುತ್ತಿರುವ ಬಟ್ಟಲಿನ ನೀರು ಕೈ ತೊಳೆಯಲು, ಕುಡಿಯಲು ಅಲ್ಲ. ಸಕ್ಕರೆಯಿಲ್ಲದ ಚಹಾ ಅನೇಕ ಕಡೆ ಊಟದ ಜೊತೆ ಪುಕ್ಕಟೆ ಬರುತ್ತದೆ. ಸಿಹಿ ಚಹಾ ಕೇಳಿದರೆ ಅದನ್ನು ಬರೆದುಕೊಳ್ಳುತ್ತಾರೆ.

ಶುಕ್ರವಾರ ನಡುಮಧ್ಯಾಹ್ನದ ನಮಾಜಿಗೆ ಗಂಡಸರೆಲ್ಲ ಮಸೀದಿಗೆ ಹೋಗುವುದರಿಂದ ಆ ಹೊತ್ತಿಗೆ ಕೆಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ, ತೆರೆದ ಕೂಡಲೇ ನೂಕುನುಗ್ಗಲಾಗುತ್ತದೆ. ನಿಮ್ಮ ಕಚೇರಿಯವರು ಕರೆದಿರುವುದು ಶುಕ್ರವಾರಕ್ಕಾದರೆ ಬೇರೆ ದಿನ ಇಟ್ಟುಕೊಳ್ಳೋಣವೆಂದು ಹೇಳಿ. ರಂಜಾನ್ ತಿಂಗಳಲ್ಲಿ ಹಗಲು ತೆರೆದಿರುವ ಹೋಟೆಲುಗಳು ಕಿಟಕಿಗೆ ಪರದೆ ಇಳಿಬಿಟ್ಟಿರುತ್ತವೆ. ಒಳಗೆ ಊಟ ಸಿಗುತ್ತದೆ, ಪರದೆ ಸರಿಸಿ ಹೋಗಲು ಸಂಕೋಚ ಬೇಡ.