‘ನನ್ನ ಮಿದುಳು ಮುಗೀತು ಮೇಡಂ’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.)

ಕೂತವರೇ ಮೊಬೈಲನ್ನು ನನ್ನ ಮುಂದೆ ಹಿಡಿದರು. ಎರಡು ಮಿದುಳಿನ ಚಿತ್ರಗಳು. ಒಂದರ ನಡುವೆ ಕೆಂಪು, ಹಳದಿ ಹೊಳಪು. ಇನ್ನೊಂದರಲ್ಲಿ ಹೊಳಪು ಮಾಸಿತ್ತು. ಮಾಸಿದ್ದರ ಮೇಲೆ ಬೆರಳಿಟ್ಟು, “ಇದು ನಾನು. ನನ್ನ ಮಿದುಳು ಮುಗೀತು ಮೇಡಂ. ಇನ್ನು ಬಿಟ್ಟರೂ ಅಷ್ಟೇ, ಬಿಡದಿದ್ದರೂ ಅಷ್ಟೇ,” ಅಂದರು.

ಮೂವತ್ತು ದಾಟಿದ ವ್ಯಕ್ತಿ. ಐದು ವರ್ಷ ಕೊಕೇನ್ ಸೇದಿ, ಬಿಟ್ಟು ಆರು ವಾರ ಆಗಿತ್ತು. ಮೊದಲ ದಿನಗಳಲ್ಲಿ ಬರೀ ನಿದ್ದೆ, ವಿಪರೀತ ಹಸಿವು. ಅದು ಕಳೆದ ಮೇಲೆ ಶುರುವಾಗಿದ್ದು ಬೇರೆಯೇ. ಯಾವುದೂ ರುಚಿಸುತ್ತಿರಲಿಲ್ಲ. ಮಗಳು ಚಿತ್ರ ಬರೆದು ತಂದು ತೋರಿಸಿದರೆ “ಚೆನ್ನಾಗಿದೆ ಪುಟ್ಟಾ” ಅಂತ ಬಾಯಿ ಹೇಳುತ್ತಿತ್ತು. ಒಳಗೆ ಏನೂ ಆಗುತ್ತಿರಲಿಲ್ಲ.

ಚಿತ್ರದ ಮಾತಿಗೆ ಮುಂಚೆ ನಾನು ಒಂದು ಪ್ರಶ್ನೆ ಕೇಳಿದೆ. ಸಾಯಬೇಕು ಅನ್ನಿಸುತ್ತಾ? ಕೊಕೇನ್ ಬಿಟ್ಟ ಹೊಸದರಲ್ಲಿ ಇದನ್ನು ಸುತ್ತಿ ಬಳಸಿ ಕೇಳಬಾರದು. “ಬೆಳಗ್ಗೆ ಏಳೋದೇ ಬೇಡ ಅನ್ನಿಸುತ್ತೆ. ಆದರೆ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಇಲ್ಲ,” ಅಂದರು. ಆ ವಾರವೇ ಮನೋವೈದ್ಯರ ಹತ್ತಿರ ಕಳಿಸಿದೆ. ಜೊತೆಗೆ ಖಿನ್ನತೆಯೂ ಇದೆಯಾ ಅಂತ ನೋಡಬೇಕಿತ್ತು.

ಆಮೇಲೆ ಆ ಚಿತ್ರಕ್ಕೆ ಬಂದೆವು. ಹಿಂದೆ ನಾನೂ ಇಂಥ ಚಿತ್ರಗಳನ್ನು ತೋರಿಸಿ, “ನೋಡಿ, ಮಿದುಳಿಗೆ ಏನಾಗಿದೆ” ಅಂತ ಹೇಳುತ್ತಿದ್ದೆ. ಹೆದರಿದರೆ ಬಿಡುತ್ತಾರೆ ಅಂದುಕೊಂಡಿದ್ದೆ. ಎಷ್ಟೋ ಜನಕ್ಕೆ ಚೇತರಿಸಿಕೊಳ್ಳುವ ಆಸೆಯೇ ಬತ್ತಿಹೋಗುತ್ತಿತ್ತು. ಈಗ ತೋರಿಸುವುದಿಲ್ಲ.

ಅವರು ತಂದಂಥ ಚಿತ್ರಗಳು ಪೆಟ್ ಸ್ಕ್ಯಾನಿನಿಂದ ಬರುತ್ತವೆ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನೋರಾ ವೋಲ್ಕೋವ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಈ ಕೆಲಸ ಮಾಡಿದರು. ಡೋಪಮೈನ್ ಅಂದರೆ ಖುಷಿಯಲ್ಲೂ ಬೇಕೆನ್ನುವ ತುಡಿತದಲ್ಲೂ ಪಾತ್ರ ಇರುವ, ಮಿದುಳಿನ ಒಂದು ರಾಸಾಯನಿಕ. ಅದು ಬಂದು ಕೂರುವ ಜಾಗಗಳಿಗೆ ರಿಸೆಪ್ಟರ್ ಅಂತಾರೆ. ಕುರ್ಚಿ ಅಂದುಕೊಳ್ಳಿ. ಸ್ವಲ್ಪವೇ ವಿಕಿರಣ ಇರುವ ಒಂದು ವಸ್ತುವನ್ನು ರಕ್ತಕ್ಕೆ ಬಿಟ್ಟರೆ ಅದು ಖಾಲಿ ಕುರ್ಚಿಗಳ ಮೇಲೆ ಹೋಗಿ ಕೂರುತ್ತದೆ. ಎಷ್ಟು ಕೂತಿತು ಅನ್ನುವುದನ್ನು ಯಂತ್ರ ಹೊರಗಿನಿಂದ ಎಣಿಸುತ್ತದೆ. ಹೆಚ್ಚು ಕೂತ ಕಡೆ ಚಿತ್ರದಲ್ಲಿ ಹೊಳಪು ಹೆಚ್ಚು. ಕೊಕೇನ್ ಚಟ ಇದ್ದವರಲ್ಲಿ ‘ಡಿ2’ ಅನ್ನುವ ಕುರ್ಚಿಗಳು ಸರಾಸರಿ ಕಡಿಮೆ ಕಂಡವು. ಬಿಟ್ಟು ಮೂರು ನಾಲ್ಕು ತಿಂಗಳಾದರೂ ಕಡಿಮೆಯೇ ಇದ್ದವು. ಕುರ್ಚಿ ಕಡಿಮೆ ಇದ್ದಷ್ಟೂ ಹಣೆಯ ಹಿಂದಿನ, ತಡೆದು ಯೋಚಿಸುವ ಭಾಗಗಳೂ ಮಂಕಾಗಿದ್ದವು ಅಂತ 1993ರಲ್ಲಿ ಬರೆದರು. 1997ರಲ್ಲಿ ಇನ್ನೊಂದು ಕಂಡರು. ಡೋಪಮೈನ್ ಹೆಚ್ಚಿಸುವ ಔಷಧಿ ಕೊಟ್ಟಾಗ, ಕೊಕೇನ್ ಬಿಟ್ಟವರಲ್ಲಿ ಅದು ಬೇರೆಯವರಷ್ಟು ಏರಲಿಲ್ಲ. ಖುಷಿಯೂ ಅವರಿಗೆ ಕಡಿಮೆಯೇ ಅನ್ನಿಸಿತು.

“ಹಾಗಾದ್ರೆ ನಾನು ಹೇಳಿದ್ದು ಸರಿನೇ ಅಲ್ವಾ?” ಅಂದರು.

ಅರ್ಧ ಸರಿ. ನಿಮ್ಮ ಬೇಸರ ನಾಟಕ ಅಲ್ಲ, ಸೋಮಾರಿತನ ಅಲ್ಲ. ಮಗಳ ಮೇಲೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಇದನ್ನು ಒತ್ತಿ ಹೇಳಿದೆ. ಮುಂದಿನ ಸಲ ಅವರ ಹೆಂಡತಿ ಬಂದಾಗ ಅವರಿಗೂ ಇದನ್ನೇ ಹೇಳಿದೆ. “ಚಟ ಬಿಟ್ಟ ಮೇಲೆ ನಮ್ಮನ್ನೂ ಬಿಟ್ಟಿದ್ದಾರೆ” ಅಂತ ಅವರು ನೊಂದಿದ್ದರು.

ಇನ್ನರ್ಧ ತಪ್ಪು. ಸಂಶೋಧನೆ ಹೇಳುವುದು ಗುಂಪಿನ ಸರಾಸರಿಯನ್ನು. ಚಟ ಇದ್ದವರ ಅಂಕಿ, ಇಲ್ಲದವರ ಅಂಕಿ ಒಂದರೊಳಗೊಂದು ಬೆರೆತಿರುತ್ತವೆ. ಮೊಬೈಲಿನಲ್ಲಿ ನಮಗೆ ಸಿಗುವುದು ವ್ಯತ್ಯಾಸ ಎದ್ದು ಕಾಣುವ ಎರಡೇ ಎರಡು ಚಿತ್ರ. ಒಬ್ಬರ ಸ್ಕ್ಯಾನ್ ನೋಡಿ “ನೀನು ಬಿಡುತ್ತೀಯ, ನೀನು ಬಿಡಲ್ಲ” ಅಂತ ಹೇಳುವ ಪರೀಕ್ಷೆಯೇ ಇಲ್ಲ. ಅದಕ್ಕೇ, ಸ್ಕ್ಯಾನ್ ಮಾಡಿಸೋಣವಾ ಅಂತ ಕೇಳಿದಾಗ ಬೇಡ ಅಂದೆ.

ಮಂಗಗಳ ಪ್ರಯೋಗವನ್ನೂ ಹೇಳಿದೆ. 2006ರಲ್ಲಿ ಪ್ರಕಟವಾದದ್ದು. ಕೊಕೇನ್ ಶುರುವಾಗುವ ಮೊದಲೇ ಸ್ಕ್ಯಾನ್ ಮಾಡಿ, ಶುರುವಾದ ಮೇಲೆ ಮತ್ತೆ ಮಾಡಿದರು. ಒಂದೇ ವಾರದಲ್ಲಿ ಡಿ2 ಇಳಿದಿತ್ತು. ಒಂದು ವರ್ಷ ಕೊಕೇನ್ ತೆಗೆದುಕೊಂಡ ಐದು ಮಂಗಗಳಲ್ಲಿ ಮೂರಕ್ಕೆ, ನಿಲ್ಲಿಸಿದ ಮೂರು ತಿಂಗಳೊಳಗೆ ಮೊದಲಿನ ಮಟ್ಟ ವಾಪಸ್ ಬಂತು. ಎರಡಕ್ಕೆ ವರ್ಷವಾದರೂ ಬರಲಿಲ್ಲ. ಆ ಎರಡರ ಮಾತನ್ನು ಮುಚ್ಚಿಡಲಿಲ್ಲ. ಅವರು ತುಂಬ ಹೊತ್ತು ಸುಮ್ಮನಿದ್ದು, “ನಾನು ಆ ಮೂರರಲ್ಲೋ, ಎರಡರಲ್ಲೋ?” ಅಂತ ಕೇಳಿದರು.

“ಅದನ್ನ ಇವತ್ತು ಯಾರೂ ಹೇಳೋಕಾಗಲ್ಲ. ಆದರೆ ನಿಲ್ಲಿಸಿದ್ದಕ್ಕೇ ಆ ಮೂರಕ್ಕೆ ವಾಪಸ್ ಬಂದಿದ್ದು,” ಅಂದೆ.

ಇಷ್ಟು ಮಾತಾಡುವಾಗ ಅವರ ಹೆಬ್ಬೆರಳು ಪರ್ಸಿನಿಂದ ಇಣುಕುತ್ತಿದ್ದ ಒಂದು ಕಾರ್ಡಿನ ಅಂಚನ್ನು ಉಜ್ಜುತ್ತಲೇ ಇತ್ತು. ಏನದು ಅಂತ ಕೇಳಿದೆ. ಅವಧಿ ಮುಗಿದ ಬ್ಯಾಂಕ್ ಕಾರ್ಡು. ಒಂದು ಬದಿ ಸವೆದು ನುಣ್ಣಗಾಗಿತ್ತು. ಪುಡಿಯನ್ನು ಗೆರೆ ಎಳೆಯುತ್ತಿದ್ದದ್ದು ಅದರಲ್ಲೇ. “ಮುಟ್ಟಿದರೆ ಏನಾಗುತ್ತೆ?” ಅಂದೆ. ಅವರಿಗೇ ಆಶ್ಚರ್ಯವಾಯಿತು. “ಬಾಯಿ ಒಣಗ್ತಿದೆ.”

ನನ್ನ ಕೆಲಸಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರುವ ಸ್ಕ್ಯಾನ್ ಅಧ್ಯಯನ ಇದರ ಬಗ್ಗೆಯೇ ಇದೆ. ಅದೂ 2006ರದ್ದೇ, ವೋಲ್ಕೋವ್ ತಂಡದ್ದು. ಕೊಕೇನ್ ಚಟ ಇದ್ದ 18 ಜನಕ್ಕೆ ಎರಡು ವಿಡಿಯೊ ತೋರಿಸಿದರು. ಒಂದು ಪ್ರಕೃತಿಯ ದೃಶ್ಯಗಳದು, ಇನ್ನೊಂದು ಕೊಕೇನ್ ಸೇದುವವರದು. ಯಾರಿಗೂ ಕೊಕೇನ್ ಕೊಡಲಿಲ್ಲ. ಆದರೂ ಎರಡನೇ ವಿಡಿಯೊ ನೋಡುವಾಗ ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ಏರಿತು. ಅಭ್ಯಾಸಗಳು ಬೇರೂರುವ ಜಾಗ ಅದು. ಅಲ್ಲಿ ಎಷ್ಟು ಏರಿತೋ ಅಷ್ಟು ಜಾಸ್ತಿ ಬೇಕೆನ್ನುವ ತುಡಿತ. ಮಗಳ ಚಿತ್ರಕ್ಕೆ ಮಿಸುಕದ ಮನಸ್ಸು ಸವೆದ ಕಾರ್ಡಿಗೆ ತಟ್ಟನೆ ಎದ್ದು ಕೂರುವುದು ಹೀಗೆ. ಇದು ಗೊತ್ತಾಗದೆ ಎಷ್ಟೋ ಜನ “ನನಗೆ ಮನೋಬಲ ಇಲ್ಲ” ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಸಂಕಟವಾಗುತ್ತದೆ.

ಕತ್ತರಿ ಕೊಟ್ಟೆ. ಕಾರ್ಡನ್ನು ಅಲ್ಲೇ ನಾಲ್ಕು ತುಂಡು ಮಾಡಿದರು. ಮನೆಯಲ್ಲಿ ಇಂಥವು ಇನ್ನೇನಿವೆ ಅಂತ ಹುಡುಕಿ ತೆಗೆಯಲು ಹೇಳಿದೆ. ಕನ್ನಡಿಯ ತುಂಡು, ಫೋನಿನಲ್ಲಿ ಮಾರುವವನ ನಂಬರು, ಅವನ ಮೆಸೇಜಿಗೆ ಇಟ್ಟಿದ್ದ ಬೇರೆ ಸದ್ದು. ತುಡಿತ ಎದ್ದರೆ ಅದರ ಜೊತೆ ವಾದ ಬೇಡ, ಇಪ್ಪತ್ತು ನಿಮಿಷ ಜಾಗ ಬದಲಿಸಿ, ಯಾರಿಗಾದರೂ ಫೋನ್ ಮಾಡಿ ಅಂದೆ.

ಕೊಕೇನ್ ಚಟಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಔಷಧಿ ಒಂದೂ ಇಲ್ಲ. ಹೆಚ್ಚು ಪುರಾವೆ ಇರುವುದು ಒಂದು ಸರಳ ಕ್ರಮಕ್ಕೆ. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಇಲ್ಲ ಅಂತ ಬಂದಾಗಲೆಲ್ಲ ಆಗಲೇ ಒಂದು ಸಣ್ಣ ಬಹುಮಾನ. ಲಂಚ ಕೊಟ್ಟು ಒಳ್ಳೆಯವರನ್ನಾಗಿ ಮಾಡೋದಾ ಅಂತ ಕೇಳುವವರಿದ್ದಾರೆ. ಖುಷಿಯ ದಾರಿ ಮಂಕಾದವರಿಗೆ “ಹತ್ತು ವರ್ಷದ ನಂತರ ಚೆನ್ನಾಗಿರುತ್ತೀರಿ” ಅನ್ನುವ ಮಾತು ತಲುಪುವುದಿಲ್ಲ, ಕೈಗೆ ಸಿಗುವುದು ತಲುಪುತ್ತದೆ. ಅಂಥ ಕಾರ್ಯಕ್ರಮಕ್ಕೆ ಸೇರಿಸಿದೆ.

ಜೊತೆಗೆ ಒಂದು ನೋಟ್‌ಬುಕ್. ದಿನಕ್ಕೆ ಎರಡು ಸಣ್ಣ ಕೆಲಸ, ಮನಸ್ಸಿಲ್ಲದಿದ್ದರೂ ಮಾಡಬೇಕು. ಮೊದಲು ಎಷ್ಟು ಖುಷಿ, ಆಮೇಲೆ ಎಷ್ಟು ಅಂತ ಹತ್ತಕ್ಕೆ ಅಂಕ ಹಾಕಬೇಕು. ವಾರಗಟ್ಟಲೆ ಬರೀ ಸೊನ್ನೆ, ಒಂದು, ಒಂದು, ಸೊನ್ನೆ.

ಹನ್ನೊಂದನೇ ವಾರ ಒಮ್ಮೆ ಜಾರಿದರು. ಕುಡಿದಿದ್ದರು, ಆಮೇಲೆ ಸೇದಿದ್ದರು. ಮಾರನೇ ದಿನವೇ ಫೋನ್ ಮಾಡಿದರು. ಹಿಂದೆಲ್ಲ ತಿಂಗಳುಗಟ್ಟಲೆ ಮಾಯವಾಗುತ್ತಿದ್ದವರು! ಎದೆನೋವು ಇದೆಯಾ ಅಂತ ಮೊದಲು ಕೇಳಿದೆ. ಇದ್ದಿದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಕಳಿಸುತ್ತಿದ್ದೆ. ಮದ್ಯ, ಕೊಕೇನ್ ಎರಡೂ ಸೇರಿದರೆ ಲಿವರಿನಲ್ಲಿ ಕೊಕೇಥಿಲೀನ್ ಅನ್ನುವ ಮೂರನೇ ವಸ್ತು ತಯಾರಾಗುತ್ತದೆ. ಅದು ಹೆಚ್ಚು ಹೊತ್ತು ಉಳಿದು ಹೃದಯಕ್ಕೆ ತೊಂದರೆ ಕೊಡುತ್ತದೆ. ಮದ್ಯವನ್ನೂ ಬಿಡಬೇಕು ಅಂತ ಆವತ್ತೇ ತೀರ್ಮಾನ ಆಯಿತು.

ಈಗಲೂ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಹದಿನಾಲ್ಕನೇ ವಾರದ ಪುಟವನ್ನು ತೆರೆದು ತೋರಿಸಿದರು. ‘ಮಗಳ ಸೈಕಲ್ ಚೈನ್ ಹಾಕಿದ್ದು. ಮೊದಲು 1. ಆಮೇಲೆ 4.’ ನಾಲ್ಕರ ಕೆಳಗೆ ಎರಡು ಸಲ ಗೆರೆ ಎಳೆದಿದ್ದರು.