ಬ್ಯೂರೆಟ್ ಯಾರ ಕೈಯಲ್ಲಿ ಉಂಟು?

ಫಸ್ಟ್ ಸೆಮ್ ಅರ್ಧ ಮುಗಿಯುವಷ್ಟರಲ್ಲಿ ನನ್ನ ಹತ್ರ ಬರುವ ಬಿಎಸ್ಸಿ ಮಕ್ಕಳ ಮಾತು ಹೆಚ್ಚುಕಡಿಮೆ ಒಂದೇ, ಕ್ಲಾಸಲ್ಲಿ ನಂಗೆ ಯಾರೂ ಇಲ್ಲ ಅಂತ. ಅದಕ್ಕೇ ಈ ಪ್ರಕರಣ ಬರೀತಿದ್ದೇನೆ, ಗುರುತು ಸಿಗುವ ವಿವರ ಬದಲಾಯಿಸಿದ್ದೇನೆ.

ಹುಡುಗಿ ಸುಳ್ಯ ಕಡೆಯವಳು, ಮಂಗಳೂರಲ್ಲಿ ಹಾಸ್ಟೆಲ್. ಮನೇಲಿ ಅರೆಭಾಷೆ, ಇಲ್ಲಿ ತುಳು, ಬ್ಯಾರಿ, ಕೊಂಕಣಿ ಅಂತ ಅವರವರದ್ದೇ ಗುಂಪು. ಊರಿಗೆ ವಾಪಸ್ ಹೋಗ್ತೇನೆ ಅಂತ ಅಳ್ತಿದ್ಳು.

ಕೆಮಿಸ್ಟ್ರಿ ಲ್ಯಾಬಲ್ಲಿ ಎಂತ ಮಾಡ್ತಿ ಅಂತ ಕೇಳಿದೆ.

"ರೋಲ್ ನಂಬರ್ ಪ್ರಕಾರ ನಾವು ಮೂರು ಜನ ಮೇಡಂ. ಅವ್ರಿಬ್ರು ಟೈಟ್ರೇಶನ್ ಮಾಡ್ತಾರೆ, ನಾನು ರೀಡಿಂಗ್ ಬರಿಯುದು. ನನ್ನ ಅಕ್ಷರ ಚಂದ ಉಂಟಂತೆ."

ಟೈಟ್ರೇಶನ್ ಅಂದ್ರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬಣ್ಣ ಬದಲಾಗುವವರೆಗೆ ಹನಿ ಹನಿ ಬಿಟ್ಟು ಎಷ್ಟು ಬೇಕಾಯ್ತು ಅಂತ ಅಳೆಯುದು. ಬ್ಯೂರೆಟ್ ಅಂದ್ರೆ ಹಾಗೆ ಬಿಡ್ಲಿಕ್ಕೆ ಇರುವ, ಕೆಳಗೆ ನಲ್ಲಿ ಉಳ್ಳ ಅಳತೆಯ ಗಾಜಿನ ಕೊಳವೆ.

"ಬ್ಯೂರೆಟ್ ಒಮ್ಮೆಯಾದ್ರೂ ಹಿಡ್ದಿದ್ದಿಯಾ?"

"ಇಲ್ಲ. ಅವ್ರು ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ."

ನಂಗೆ ಸಿಕ್ಕಿದ್ದು ಇದೇ. ಒಬ್ಬಳು ಬ್ಯೂರೆಟ್ಟಿನ ನಲ್ಲಿ ಹಿಡಿದು ಹನಿ ಹನಿ ಬಿಡ್ತಾಳೆ, ಇನ್ನೊಬ್ಬಳು ಫ್ಲಾಸ್ಕ್ ತಿರುಗಿಸ್ತಾ ಬಣ್ಣ ತೋರಿಸ್ಲಿಕ್ಕೆ ಹಾಕಿದ ಫಿನಾಲ್ಫ್ತಲೀನ್ ತಿಳಿ ಗುಲಾಬಿ ಆದ ಕೂಡ್ಲೇ "ಸಾಕು ಸಾಕು, ನಿಲ್ಸು" ಅಂತಾಳೆ, ಅಲ್ಲಿ ಪರಿಚಯ ಇಲ್ದಿದ್ರೂ ಮಾತಾಡ್ಲೇಬೇಕು. ಬರಿಯುವವಳಿಗೆ ಸಿಗುದು ಬರೀ "10.4 ಬರ್ಕೊ". ಅಮೆರಿಕದ ಎಂಐಟಿಯ ವಿದ್ಯಾರ್ಥಿ ವಸತಿ ಬಗ್ಗೆ ಮನಶ್ಶಾಸ್ತ್ರಜ್ಞ ಫೆಸ್ಟಿಂಗರ್ ಮತ್ತು ಜೊತೆಗಾರರು 1950ರಲ್ಲೇ ತೋರಿಸಿದ್ರು, ಪಕ್ಕದ ಬಾಗಿಲಿನವರೇ ಹೆಚ್ಚು ಸ್ನೇಹಿತರಾಗ್ತಾರೆ ಅಂತ. ಇವಳು ಪಕ್ಕದಲ್ಲೇ ಇದ್ಳಲ್ಲ, ಆದ್ರೆ ಕೆಲಸದ ಒಳಗೆ ಇರ್ಲಿಲ್ಲ.

ನಾನು ಹೇಳಿದ್ದು ಇಷ್ಟೇ: ಮುಂದಿನ ಲ್ಯಾಬಲ್ಲಿ "ಇವತ್ತು ಬ್ಯೂರೆಟ್ ನಾನು ಹಿಡೀತೇನೆ, ರೀಡಿಂಗ್ ನೀನು ಬರಿ" ಅಂತ ಶುರುವಲ್ಲೇ ಹೇಳು, ಕೊನೆಗೆ ಗ್ಲಾಸ್‌ವೇರ್ ತೊಳೆಯುವಾಗ ಓಡ್ಬೇಡ. ಫ್ರೆಂಡ್ ಆಗ್ತಿಯಾ ಅಂತ ಯಾರನ್ನೂ ಕೇಳ್ಲಿಕ್ಕೆ ಹೇಳ್ಲಿಲ್ಲ, ಕೇಳಿ ಇಲ್ಲ ಅನ್ನಿಸ್ಕೊಂಡ್ರೆ ಈ ವಯಸ್ಸಲ್ಲಿ ತುಂಬ ನೋವಾಗ್ತದೆ. ಬ್ಯಾಚ್ ಬದಲಾಯಿಸ್ಲಿಕ್ಕೆ ಲೆಕ್ಚರರ್ ಹತ್ರ ಹೇಳ್ಬಹುದಿತ್ತಲ್ಲ ಅಂತ ಸಹೋದ್ಯೋಗಿಯೊಬ್ರು ಕೇಳಿದ್ರು. ನಾನು ಒಪ್ಪುದಿಲ್ಲ, ಅಕ್ಷರ ಚಂದ ಇರುವವಳು ಹೊಸ ಬ್ಯಾಚಲ್ಲೂ ಬರೀತಾ ಕೂರ್ತಾಳೆ ಅಷ್ಟೇ.

ಅವಳು ಮುಂದಿನ ಲ್ಯಾಬಲ್ಲಿ ಬ್ಯೂರೆಟ್ ಕೇಳಿ ಹಿಡಿದ್ಳು. ಮೊದಲ ಸಲ ಎಂಡ್ ಪಾಯಿಂಟ್, ಅಂದ್ರೆ ನಿಲ್ಲಿಸ್ಬೇಕಾದ ಹಂತ, ದಾಟಿ ಗಾಢ ಗುಲಾಬಿ ಆಯ್ತಂತೆ. "ಎಂತ ಮಾರಾಯ್ತಿ, ನಲ್ಲಿಗೆ ಎಡಗೈ ಹಾಕು" ಅಂತ ಪಕ್ಕದವಳು ಕೈ ಹಿಡಿದು ತೋರಿಸಿದ್ಳಂತೆ, ಮೂವರೂ ಲೇಟಾಗಿ ಹೊರಗೆ ಬಂದ್ರಂತೆ. ಈಗ್ಲೂ ಕೆಲವು ದಿನ ಊಟಕ್ಕೆ ಒಬ್ಳೇ, ಆದ್ರೆ ಊರಿಗೆ ಹೋಗುವ ಮಾತಿಲ್ಲ.

ಲೆಕ್ಚರರ್‌ಗಳಲ್ಲಿ ಒಂದು ವಿನಂತಿ, ಪ್ರತಿ ವಾರ ಟೇಬಲ್‌ನ ಕೆಲಸ ನೀವೇ ಬದಲಾಯಿಸಿ ಕೊಡಿ, ಬಾಯಿಬಿಟ್ಟು ಕೇಳ್ಲಿಕ್ಕಾಗದ ಮಕ್ಕಳು ಪ್ರತಿ ಬ್ಯಾಚಲ್ಲೂ ಇರ್ತಾರೆ.