ಎಪ್ಸಮ್ ಲೆಕ್ಕದಲ್ಲಿ ಏಳು ನೀರು ಬಿಟ್ಟಿದ್ದೀರಿ ಸರ್

ಸರ್, ಗಿಡದ ಟ್ಯಾಂಕಿಗೆ ಎಪ್ಸಮ್ ಉಪ್ಪು (ಮೆಗ್ನೀಷಿಯಂ ಸಲ್ಫೇಟ್) ಎಷ್ಟು ಹಾಕಬೇಕು ಅನ್ನೋ ನಿಮ್ಮ ಪೋಸ್ಟ್ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಪರಮಾಣು ತೂಕ ಮೆಗ್ನೀಷಿಯಂ 24, ಗಂಧಕ 32, ಆಮ್ಲಜನಕ ನಾಲ್ಕು ಸಲ 16, ಒಟ್ಟು 120; ಅದರಲ್ಲಿ ಐದನೇ ಒಂದು ಪಾಲು ಮೆಗ್ನೀಷಿಯಂ; ಹಾಗಾಗಿ 50 ಪಿಪಿಎಂಗೆ (ಲೀಟರಿಗೆ 50 ಮಿಲಿಗ್ರಾಂ ಮೆಗ್ನೀಷಿಯಂ) ಲೀಟರಿಗೆ 250 ಮಿಲಿಗ್ರಾಂ ಎಪ್ಸಮ್ ಅಂತ ಬರೆದಿದ್ದೀರಿ. ಇದೇ ಲೆಕ್ಕ ನನ್ನ ಹಳೇ ನೋಟ್‌ಬುಕ್ಕಲ್ಲೂ ಇದೆ, ಅಡ್ಡಗೀಟು ಹೊಡೆದು.

ನಿಮ್ಮ ಪ್ಯಾಕೆಟ್ಟಲ್ಲಿ ಇರೋದು ಹೆಪ್ಟಾಹೈಡ್ರೇಟ್. ಪ್ರತಿ ಮೆಗ್ನೀಷಿಯಂ ಜೊತೆ ಏಳು ನೀರು ಕೂತಿರುತ್ತೆ. ನೀರು ಒಂದಕ್ಕೆ 18, ಏಳಕ್ಕೆ 126. ಒಟ್ಟು 246. ಅಂದ್ರೆ ಮೆಗ್ನೀಷಿಯಂ 20% ಅಲ್ಲ, 9.86% ಅಷ್ಟೇ. ನೀವು 50 ಅಂದುಕೊಂಡಿದ್ದು ಗಿಡಕ್ಕೆ 25 ಪಿಪಿಎಂ ಸಿಕ್ಕಿದೆ. ನಿಮ್ಮ ಫೋಟೊದಲ್ಲಿ ಹಳೇ ಎಲೆಲಿ ನರ ಹಸಿರಾಗೇ ಉಳಿದು ನಡುವೆ ಹಳದಿ ಬಂದಿರೋದು ಅದಕ್ಕೇ. ಕೆಳಗೆ ಕಾಮೆಂಟಲ್ಲಿ ಮೂರು ಜನ 'ಕಬ್ಬಿಣ ಕೊಡಿ' ಅಂದಿದ್ದಾರಲ್ಲ, ಸ್ವಾಮಿ, ಫೋಟೊ ಸರಿಯಾಗಿ ನೋಡಿ. ಕಬ್ಬಿಣ ಕಮ್ಮಿ ಆದ್ರೆ ಹಳದಿ ಆಗೋದು ಸುಳಿ ಎಲೆ.

ಆ ಕಬ್ಬಿಣದ ಹಾದೀಲಿ ನಾನೂ ಹೋಗಿದ್ದೆ. ಟೆರೇಸಲ್ಲಿ ಡಚ್ ಬಕೆಟ್ (ಮಣ್ಣಿಲ್ಲದೆ ಬಕೆಟಲ್ಲಿ ಬೆಳೆಸೋ ಪದ್ಧತಿ) ಟೊಮೆಟೊ, ಆರ್‌ಓ ನೀರು. ಕೆಳಗಿನ ಎಲೆ ಹಳದಿ ಆಗ್ತಾನೇ ಇತ್ತು, ನಾನು ಕಬ್ಬಿಣದ ಚೀಲೇಟ್ (ಗಿಡ ಹೀರೋ ರೂಪದ ಕಬ್ಬಿಣ) ಹಾಕ್ತಾನೇ ಇದ್ದೆ. ಮೂರು ವಾರ ಹೋಯ್ತು. ಕೊನೆಗೆ ತಲೆಕೆಟ್ಟು ಎಪ್ಸಮ್ 10 ಗ್ರಾಂ ತೂಗಿ ಹಳೇ ಬಾಣಲೇಲಿ ಸಣ್ಣ ಉರಿಗೆ ಇಟ್ಟೆ. ಮೊದಲು ಹರಳು ಬೆವರಿದ ಹಾಗೆ ಒದ್ದೆ ಆಯ್ತು, ಆಮೇಲೆ ತನ್ನ ನೀರಲ್ಲೇ ಕರಗಿ ಕೊತಕೊತ ಕುದೀತು, ಕೊನೆಗೆ ಸುಣ್ಣದ ಹೆಕ್ಕಳಿಕೆ ತರ ಬಿಳಿ ಪುಡಿ ಉಳೀತು. ಕೆರೆದು ತೂಗಿದ್ರೆ 5.6 ಗ್ರಾಂ! ಏಳರಲ್ಲಿ ಆರು ನೀರು ಹೋಗಿತ್ತು, ಇನ್ನೊಂದು ಹೋಗಬೇಕಿತ್ತು, ಅದು ಒಲೆ ಶಾಖಕ್ಕೆ ಸುಲಭಕ್ಕೆ ಬಿಡಲ್ಲ. ಬಾಣಲೆ ನಮ್ಮನೆಯವರ ಲೆಕ್ಕದಲ್ಲಿ ಹಳೇದಾಗಿರಲಿಲ್ಲ, ಅದು ಬೇರೆ ಕಥೆ. ಮೈಲುತುತ್ತದಲ್ಲೂ ಹೀಗೇ ನೀರು ಕೂತಿರುತ್ತೆ, ಆದ್ರೆ ಅದಕ್ಕೆ ಈ ಪ್ರಯೋಗ ಅಡುಗೆಮನೇಲಿ ಖಂಡಿತ ಮಾಡಬೇಡಿ, ಅದು ವಿಷ.

ಇನ್ನು ನಿಮ್ಮ ಎರಡನೇ ಪ್ರಶ್ನೆ, 24ನ್ನು 1.66ರಿಂದ ಗುಣಿಸಿ ಗ್ರಾಂಗೆ ತರಬೇಕಾ ಅಂತ. ಬೇಡ. ಆ 24ರ ಮಾನ ಡಾಲ್ಟನ್. ಕಾರ್ಬನ್-12 ಪರಮಾಣುವನ್ನ ಸರಿಯಾಗಿ 12 ಅಂತ ಇಟ್ಟು, ಅದರ ಹನ್ನೆರಡರಲ್ಲಿ ಒಂದು ಪಾಲೇ ಒಂದು ಡಾಲ್ಟನ್. ಕಿಲೋಗ್ರಾಂನಲ್ಲಿ ಹೇಳೋದಾದ್ರೆ 1.66 ಗುಣಿಸು 10ರ ಮೈನಸ್ 27ನೇ ಘಾತ. ನಮ್ಮ ಲೆಕ್ಕದಲ್ಲಿ ಮೇಲೂ ಡಾಲ್ಟನ್, ಕೆಳಗೂ ಡಾಲ್ಟನ್, ಹೊಡೆದು ಹೋಗುತ್ತೆ. ಅನುಪಾತ ಒಂದೇ ಉಳಿಯೋದು. ಅದೇ ಅಂಕಿಯನ್ನ ಗ್ರಾಂ ಅಂತ ಓದಿದ್ರೆ ಒಂದು ಮೋಲ್ (ಪರಮಾಣು ಎಣಿಸೋ ದೊಡ್ಡ ಲೆಕ್ಕ), ಅಷ್ಟೇ.

ಮೆಗ್ನೀಷಿಯಂ ತೂಕ ಒಂದು ಆ್ಯಪಲ್ಲಿ 23.985, ಇನ್ನೊಂದರಲ್ಲಿ 24.305 ಬರ್ತಿದೆ, ಯಾವುದು ಸರಿ ಅಂತ ಯಾರೋ ಕೇಳಿದ್ದಾರೆ. ಎರಡೂ ಸರಿ. ಮೊದಲನೇದು ಮೆಗ್ನೀಷಿಯಂ-24 ಐಸೋಟೋಪಿಂದು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ ಒಂದು) ಮಾತ್ರ. ಮಣ್ಣಲ್ಲಿ, ಸಮುದ್ರದಲ್ಲಿ ಸಿಗೋದರಲ್ಲಿ 25, 26 ತೂಕದವೂ ಹತ್ಹತ್ತು ಪರ್ಸೆಂಟ್ ಬೆರೆತಿರುತ್ತವೆ, ಅದರ ಸರಾಸರಿ 24.305. ಗೊಬ್ಬರಕ್ಕೆ ಸರಾಸರೀನೇ ಹಿಡೀಬೇಕು. ಹಿಂದೆ ವಿಜ್ಞಾನಿಗಳಿಗೂ ಇದೇ ಗೊಂದಲ ಇತ್ತು. ಭೌತಶಾಸ್ತ್ರದವರು ಆಮ್ಲಜನಕ-16 ಅನ್ನೋ ಒಂದೇ ಐಸೋಟೋಪಿಗೆ 16 ಅಂದ್ರು, ರಸಾಯನದವರು ಗಾಳೀಲಿರೋ ಮಿಶ್ರ ಆಮ್ಲಜನಕಕ್ಕೆ 16 ಅಂದ್ರು. ಲಕ್ಷಕ್ಕೆ 27ರಷ್ಟು ವ್ಯತ್ಯಾಸ. ಕಾರ್ಬನ್-12 ಇಟ್ಟುಕೊಂಡು ಜಗಳ ಮುಗಿಸಿದ್ದು 1961ರಲ್ಲಿ. ನಮ್ಮ ತಕ್ಕಡಿಗೆ ಅಷ್ಟು ಸೂಕ್ಷ್ಮ ಗೊತ್ತೇ ಆಗಲ್ಲ. ದಶಮಾಂಶಕ್ಕೆ ತಲೆ ಕೆಡಿಸಿಕೊಂಡು ಏಳು ನೀರು ಮರೆತ್ರೆ ಏನು ಬಂತು?

ಹಾಗಂತ ಎಲ್ಲದಕ್ಕೂ ಏಳು ನೀರು ಸೇರಿಸಬೇಡಿ. ಜಿಂಕ್ ಸಲ್ಫೇಟ್ ಅಂಗಡೀಲಿ ಎರಡು ತರ ಸಿಗುತ್ತೆ, ಸತು 21% ಇರೋ ಹೆಪ್ಟಾ (ಏಳು ನೀರು), 33% ಇರೋ ಮೋನೋ (ಒಂದು ನೀರು). ನೋಡೋಕೆ ಎರಡೂ ಬಿಳಿ. ಹೆಪ್ಟಾ ಲೆಕ್ಕ ಹಾಕಿ ಮೋನೋ ಸುರಿದ್ರೆ ಒಂದೂವರೆ ಪಟ್ಟು ಸತು. ಬಿಡಿಯಾಗಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಕೊಡೋರ ಹತ್ರ ತಗೋಬೇಡಿ ಅಂತ ಎಷ್ಟು ಸಲ ಹೇಳೋದು? ಕ್ಯಾಲ್ಸಿಯಂ ನೈಟ್ರೇಟಿಗೆ ನಾನು ಯಾರಾ (Yara) ಕಂಪನಿಯ ಕ್ಯಾಲ್ಸಿನಿಟ್ ಬಿಟ್ಟು ಬೇರೆ ಮುಟ್ಟಲ್ಲ. ಅದು ಅಮೋನಿಯಂ, ನೀರು ಎಲ್ಲ ಸೇರಿದ ಜೋಡಿ ಲವಣ, ಪುಸ್ತಕದ ಸೂತ್ರ ಹಿಡಿದು ಹೊರಟ್ರೆ ತಪ್ಪುತ್ತೆ. ಚೀಲದ ಮೇಲಿನ 15.5% ಸಾರಜನಕ, 19% ಹತ್ತಿರದ ಕ್ಯಾಲ್ಸಿಯಂ, ಅದನ್ನೇ ಹಿಡೀರಿ. ತೆರೆದಿಟ್ರೆ ಅದು ಗಾಳಿಯ ತೇವ ಕುಡಿದು ಪಾಯಸ ಆಗುತ್ತೆ. ಎಪ್ಸಮ್ ಉಲ್ಟಾ, ಬೇಸಿಗೇಲಿ ನೀರು ಬಿಟ್ಟು ಮೇಲೆ ಬಿಳಿ ಪುಡಿ ಕಟ್ಟುತ್ತೆ. ಎರಡಕ್ಕೂ ಬಿಗಿ ಮುಚ್ಚಳದ ಡಬ್ಬಿ ಬೇಕು.

ಇನ್ನೊಂದು, 0-52-34 (ಸಾರಜನಕ-ರಂಜಕ-ಪೊಟ್ಯಾಷ್) ಗೊಬ್ಬರದ ಚೀಲದ 52 ಕೂಡ ಬರೀ ರಂಜಕ ಅಲ್ಲ, ಪಿ2ಓ5, ಅಂದ್ರೆ ಆಮ್ಲಜನಕ ಸೇರಿದ ರಂಜಕ. ಅದರ 142ರಲ್ಲಿ ರಂಜಕ 62. 0.436ರಿಂದ ಗುಣಿಸಿದ್ರೆ 22.7% ಬರುತ್ತೆ. ಪೊಟ್ಯಾಷಿನ 34ನ್ನೂ ಹಾಗೇ 0.83ರಿಂದ ಗುಣಿಸಬೇಕು. ನಿಮ್ಮ ಶೀಟಲ್ಲಿ ಆ ಕಾಲಂ ಕೂಡ ನೇರ 52 ಅಂತಲೇ ಇದೆ, ತಿದ್ದಿ.

ಈಗ ಮಾಡಬೇಕಾದ್ದು: 100 ಲೀಟರ್ ಟ್ಯಾಂಕಿಗೆ 25 ಗ್ರಾಂ ಹಾಕಿದ್ದೀರಿ, ಇನ್ನೂ 26 ಗ್ರಾಂ ಬೇಕು. ಒಂದೇ ಸಲ ಬೇಡ, ಎರಡು ದಿನಕ್ಕೆ ಹಂಚಿ, ಇಸಿ (ನೀರಲ್ಲಿ ಕರಗಿದ ಲವಣದ ಅಳತೆ) ನೋಡ್ಕೊಳ್ಳಿ. ಎಪ್ಸಮ್‌ನ ಕ್ಯಾಲ್ಸಿಯಂ ಇರೋ ಸ್ಟಾಕ್ (ಗಟ್ಟಿ ದ್ರಾವಣದ) ಡಬ್ಬಿಗೆ ಸುರೀಬೇಡಿ, ಜಿಪ್ಸಂ ಆಗಿ ತಳ ಹಿಡಿಯುತ್ತೆ. ಈಗಾಗಲೇ ಹಳದಿ ಆಗಿರೋ ಎಲೆ ಪೂರ್ತಿ ಹಸಿರಾಗಲ್ಲ, ಅದರ ಮೇಲಿನ ಎಲೆ ನೋಡಿ. ನಿಮ್ಮದು ಆರ್‌ಓ ನೀರಾ, ಬೋರ್ ನೀರಾ ಅಂತ ಹೇಳೇ ಇಲ್ಲ. ಗಡಸು ಬೋರ್ ನೀರಾದ್ರೆ ಅದರಲ್ಲೇ ಮೆಗ್ನೀಷಿಯಂ ಇರುತ್ತೆ, ಟೆಸ್ಟ್ ರಿಪೋರ್ಟ್ ಇಲ್ಲದೆ ಈ 26 ಗ್ರಾಂ ಹಾಕಬೇಡಿ. ರಿಪೋರ್ಟೂ, ಪ್ಯಾಕೆಟ್ ಹಿಂಬದಿ ಫೋಟೊನೂ ಹಾಕಿ, ರಾತ್ರಿ ಊಟ ಆದಮೇಲೆ ನೋಡ್ತೀನಿ.